ಬಾಗಿಲ ಮೇಲಿನ ತಗ್ಗು

ಅವರ ಬಲಗೈ ಎಡಗೈಗಿಂತ ಎರಡು ಪಟ್ಟು ಕಪ್ಪಾಗಿತ್ತು, ಅದೊಂದನ್ನೇ ಬಿಸಿಲಿಗೆ ಒಣಹಾಕಿ ಮರೆತಂತೆ. ವಡೋದರಾದ ಸುಡು ಬೇಸಿಗೆಯಲ್ಲೂ ಕಾರಿನ ಗಾಜು ಇಳಿಸಿ, ಮೊಣಕೈ ಹೊರಗಿಟ್ಟೇ ಓಡಿಸುತ್ತಿದ್ದವರು. ರೈಲ್ವೆಯಿಂದ ನಿವೃತ್ತರಾದ, ಧಾರವಾಡದ ಕಡೆಯ ಒಂಟಿಜೀವ. ಫತೇಗಂಜ್ ಬಡಾವಣೆಯಲ್ಲಿ ನಮ್ಮ ಕೆಳಮನೆಯವರು. ಅಲ್ಲಿನ ಗುಜರಾತಿಗಳಿಗೂ ಮೈಸೂರು ಕಡೆಯಿಂದ ಬಂದ ನಮಗೂ ಅವರು ಕಾಕಾ.

ಕಾರು ಬೇರೆಯವರು ಓಡಿಸಿ ಬಿಟ್ಟದ್ದು, ಬಿಳಚಿಕೊಂಡ ಹಸಿರು. ಸೇತುವೆ ಏರುವಾಗ ಏದುಸಿರು ಬಿಡುತ್ತಿತ್ತು. ಅದನ್ನೇ ಆರಿಸಿದ್ದು ಯಾಕೆಂದು ಕೇಳಿದಾಗ ಅವರು ಕೊಟ್ಟ ಉತ್ತರಕ್ಕೆ ನಾನು ದಂಗಾಗಿದ್ದೆ. ಚಾಲಕನ ಬಾಗಿಲ ಮೇಲಂಚಿನಲ್ಲಿ, ಹಿಂದಿನ ಯಜಮಾನನ ಕಾಲದಲ್ಲಿ ಏಟು ಬಿದ್ದು ಆದ ಒಂದು ತಗ್ಗಿತ್ತು. ಮೊಣಕೈ ಅದರಲ್ಲಿ ಸರಿಯಾಗಿ ಕೂರುತ್ತಿತ್ತಂತೆ.

“ಇನ್ನೊಂದು ಕಾರೂ ತೋರಿಸಿದ್ರು. ಅದರ ಎಂಜಿನ್ ಭಾಳ ಛಲೋ ಇತ್ತು. ಆದ್ರ ಇದರಾಗ ಕೈ ಇಟ್ಟೆ ನೋಡ್ರಿ, ಇದ ಇರಲಿ ಅನಸ್ತು.”

“ಕಾರು ತಗೊಳ್ಳೋದು ಹೀಗಾ ಕಾಕಾ? ಪಿಕಪ್ಪು, ಮೈಲೇಜು ಏನೂ ನೋಡ್ಬೇಡ್ವಾ?”

“ಯಾಕ್ರಿ, ನನ್ನ ಯಾರರ ಬೆನ್ನ ಹತ್ಯಾರೇನು?”

ಯಂತ್ರಗಳ ಸದ್ದು, ನಡುಕ ಅಳೆದು ಸರಿಪಡಿಸುವುದೇ ನನ್ನ ಹೊಟ್ಟೆಪಾಡು. ಆ ಕಾರು ಕಂಡಾಗಲೆಲ್ಲ ಕೈ ತುರಿಸುತ್ತಿತ್ತು. ಸಾಲದ್ದಕ್ಕೆ ನನ್ನ ಮೇಲೆ ಒಂದು ಉಪಕಾರದ ಭಾರವೂ ಇತ್ತು. ನಾನು ಕೆಲಸದ ಮೇಲೆ ಹಜೀರಾದಲ್ಲಿದ್ದಾಗ ಹೆರಿಗೆ ನೋವು ಬಂದ ನನ್ನ ಹೆಂಡತಿಯನ್ನು ಆಸ್ಪತ್ರೆ ಮುಟ್ಟಿಸಿದವರು ಕಾಕಾ, ಅದೇ ಕಾರಿನಲ್ಲಿ.

ಕಣ್ಣಿನ ಪೊರೆ ತೆಗೆಸಿಕೊಳ್ಳಲು ಅವರು ತಂಗಿಯ ಊರಿಗೆ ಹೋಗಿ ತಿಂಗಳು ನಿಂತರು. ಕೀಲಿ ನನ್ನ ಕೈಗೆ ಬಂತು. ಇದಕ್ಕಿಂತ ಒಳ್ಳೆಯ ಅವಕಾಶ ಸಿಗದೆಂದು ಉಬ್ಬಿಹೋದೆ. ಎಂಜಿನ್ ಬಿಚ್ಚಿಸಿದೆ, ಬಾಗಿಲುಗಳ ಗಡಗಡ ನಿಲ್ಲಿಸಿದೆ, ಎಸಿ ಕೂರಿಸಿದೆ. ಮೈಗೆಲ್ಲ ಹೊಸ ಬಣ್ಣ, ಅದೇ ಹಸಿರು. ಬಣ್ಣದವನು ತಗ್ಗಿಗೆ ಪುಟ್ಟಿ ತುಂಬಿ ಉಜ್ಜಿ, “ನವೀ ಜೇವೀ ಥಈ ಗಈ, ಸಾಹೇಬ್” ಎಂದ. ಹೌದು, ಹೊಸದರಂತೇ ಆಗಿತ್ತು. ಕಾಕಾ ಹೇಳಿದ್ದ ಮಾತು ನನಗೆ ನೆನಪಿರಲಿಲ್ಲವೆಂದಲ್ಲ. ಕಾರೇ ಇಷ್ಟು ಚೆನ್ನಾದ ಮೇಲೆ ಆ ತಗ್ಗು ಯಾರಿಗೆ ಬೇಕು ಅಂದುಕೊಂಡೆ, ಅಷ್ಟೇ.

ಕಾಕಾ ಬಂದರು. ಹೊಸ ಕಣ್ಣಿನಿಂದ ಕಾರನ್ನು ಒಂದು ಸುತ್ತು ನೋಡಿದರು. ಒಳಗೆ ಕೂತು ಗಾಜು ಇಳಿಸಿ ಮೊಣಕೈ ಇಟ್ಟರು. ತೆಗೆದರು. ಮತ್ತೆ ಇಟ್ಟರು. ಆಮೇಲೆ ಇಳಿದು ಬಂದು ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟರು.

“ಭಾಳ ಛಲೋ ಮಾಡೀರಿ, ಸಾಹೇಬ್ರ. ಇನ್ನ ಇದು ನಿಮ್ಮ ಕಾರು.”

ಅವರ ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆ ತಗ್ಗಿನ ಹಿಂದೆ ಯಾರದಾದರೂ ನೆನಪಿತ್ತೇ ಎಂದು ತೊದಲಿದೆ.

“ಏನೂ ಇಲ್ರಿ. ನನಗ ಸೇರ್ತಿತ್ತು, ಅಷ್ಟ.”

“ಮತ್ತೆ ತಗ್ಗು ಮಾಡಿಸ್ತೀನಿ ಕಾಕಾ.”

ಅವರು ನಕ್ಕುಬಿಟ್ಟರು. “ಬೇಕಂತ ಬಡದು ಮಾಡಿದ್ದು ಬ್ಯಾರೇನ ಆಗ್ತದ, ಬಿಡ್ರಿ. ಬರ್ರಿ, ಚಾ ಕುಡಿಯೂಣು.”

ಅಂದಿನಿಂದ ಅವರು ಎಲ್ಲಿಗೆ ಹೋದರೂ ರಿಕ್ಷಾದಲ್ಲೇ. ನನ್ನ ಮಗಳಿಗೆ ಚಿಕ್ಕಿ ತರುವುದನ್ನು ಮಾತ್ರ ನಿಲ್ಲಿಸಲಿಲ್ಲ. ಎಷ್ಟೋ ಸಲ ಕೀಲಿ ಹಿಡಿದು ಅವರ ಮನೆಗೆ ಹೋದೆ. ಪ್ರತಿ ಸಲವೂ ಚಾ ಕುಡಿಸಿ, ಕೀಲಿ ಸಮೇತ ಹಿಂದಕ್ಕೆ ಕಳಿಸಿದರು. ಕಾರು ಅಂಗಳದಲ್ಲಿ ಮಿರಮಿರ ಮಿಂಚುತ್ತಾ ನಿಂತಿತ್ತು. ಓಡಿಸಲು ನನಗೆ ಮುಖವಿರಲಿಲ್ಲ.

ಎರಡು ವರ್ಷದ ಮೇಲೆ, ಒಂದು ಬೆಳಗ್ಗೆ, ಪೇಪರ್ ಓದುತ್ತಾ ಕುರ್ಚಿಯಲ್ಲೇ ಹೋಗಿಬಿಟ್ಟರು. ಕೆಲಸದಾಕೆಯ ಕೂಗಿಗೆ ಓಡಿಹೋದೆ. ಪೇಪರ್ ಇನ್ನೂ ತೊಡೆಯ ಮೇಲಿತ್ತು, ಅದರ ಮೇಲೆ ಅವರ ಕೈಗಳು. ಯಾವುದು ಬಲಗೈ, ಯಾವುದು ಎಡಗೈ ಎಂದು ಬಣ್ಣ ನೋಡಿ ಹೇಳುವಂತಿರಲಿಲ್ಲ.