ಸಂತಾಪ ಸಭೆಯ ಅಲಂಕಾರಗಳು

ಸ್ನೇಹಿತರೇ, ಈಗಷ್ಟೇ ಖಿದಿರ್‌ಪುರದಿಂದ ಬಂದೆ. ಅಲ್ಲಿ ಬಂದರಿನ ಹತ್ತಿರ ಹೋಟೆಲ್ ನಡೆಸುವ ನಮ್ಮ ಉಡುಪಿ ಕಡೆಯ ವಾಸಣ್ಣನ ಮಗ ಸುರೇಶನಿಗಾಗಿ ಆ ಹೋಟೆಲಿನಲ್ಲೇ ಸಂತಾಪ ಸಭೆ. ಕತ್ತಲಾಗುವ ಮುಂಚೆ ಎಲ್ಲರೂ ಮನೆ ಸೇರಲಿ ಅಂತ ಮಧ್ಯಾಹ್ನವೇ ಇಟ್ಟಿದ್ದರು. ಕಾಲೇಜು ಹುಡುಗ. ಮೊನ್ನೆ ಗಲ್ಲಿಯ ತಿರುವಿನಲ್ಲೇ ಗುಂಡು ಹೊಡೆದರು. ಯಾರು ಅಂತ ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ನಕ್ಸಲರು, ಪೊಲೀಸರ ನಡುವೆ ಸಿಕ್ಕ ಎಪ್ಪತ್ತೊಂದರ ಈ ಕಲ್ಕತ್ತೆಯೇ ಹಾಗೆ.

ಕನ್ನಡ ಸಂಘದ ಅಧ್ಯಕ್ಷರು ಎದ್ದು, "ನಮ್ಮ ಮನೆಯ ದೀಪ ಆರಿತು" ಅಂದರು. ಕಾರ್ಯದರ್ಶಿಗಳು, "ಅರಳುವ ಮೊದಲೇ ಮೊಗ್ಗು ಬಾಡಿತು" ಅಂದರು. ಇನ್ನೊಬ್ಬರ ಬಾಯಲ್ಲಿ ಹುಡುಗ ಉದುರಿದ ನಕ್ಷತ್ರವಾದ. ಭಾನುವಾರ ಸಂಘದ ಮಕ್ಕಳಿಗೆ ಅಲಂಕಾರದ ಪಾಠ ಹೇಳುವವಳು ನಾನು. ರೂಪಕಕ್ಕೆ ಇಷ್ಟೊಂದು ಉದಾಹರಣೆ ನನಗೆ ಒಂದೇ ಕಡೆ ಎಂದೂ ಸಿಕ್ಕಿರಲಿಲ್ಲ.

ಗಲ್ಲಾಪೆಟ್ಟಿಗೆಯ ಪಕ್ಕ ಕೂತಿದ್ದ ವಾಸಣ್ಣ ಎದ್ದು ನಿಂತರು.

"ದೀಪ ಅಂದ್ರಿ, ಮೊಗ್ಗು ಅಂದ್ರಿ. ನನ್ನ ಮಗನನ್ನ ಕೊಂದ್ರು ಅಂತ ಒಬ್ಬರಾದ್ರೂ ಹೇಳಿ ಮಾರಾಯ್ರೆ!"

ಕಾರ್ಯದರ್ಶಿಗಳು ಮೆಲ್ಲಗೆ ಎದ್ದು ಹೋಗಿ ಬೀದಿ ಕಡೆಯ ಬಾಗಿಲು ಹಾಕಿ ಬಂದರು.

ಅಧ್ಯಕ್ಷರು ನನ್ನ ಕಡೆ ಬಾಗಿ ಪಿಸುಗುಟ್ಟಿದರು: "ಪಾಪ, ದುಃಖದಲ್ಲಿ ಅತಿಶಯೋಕ್ತಿ ಬಂದ್ಬಿಡುತ್ತೆ, ಅಲ್ವಾ ಟೀಚರ್?"

ಸರಿ ಬಿಡಿ. ಇನ್ನು ಮಕ್ಕಳು ಅತಿಶಯೋಕ್ತಿಗೆ ಉದಾಹರಣೆ ಕೇಳಿದರೆ ನಾನು ಪುಸ್ತಕ ತೆಗೆಯಬೇಕಿಲ್ಲ. ಬೋರ್ಡಿನ ಮೇಲೆ ಬರೆದುಬಿಡುತ್ತೇನೆ: "ನನ್ನ ಮಗನನ್ನು ಕೊಂದರು."