ಹಳ್ಳದ ದಡದಲ್ಲಿ ಬಡಿದ ತಟ್ಟೆ

ಇವತ್ತು ಬೆಳಿಗ್ಗೆ ಮೊಮ್ಮಗಳು ಸ್ಟೀಲ್ ತಟ್ಟೆಯನ್ನು ಚಮಚದಿಂದ ಬಡಿಯುತ್ತಿದ್ದಳು. ನಾನು ಓಡಿಬಂದು ಅವಳ ಕೆನ್ನೆಗೆ ಹೊಡೆದುಬಿಟ್ಟೆ.

ಎಷ್ಟೋ ವರ್ಷಗಳ ಹಿಂದಿನ ಮಾತು, ಆಗ ನಾನಿನ್ನೂ ಲಂಗ ಉಡುವ ಹುಡುಗಿ. ಹಿಂದೂಪುರದಿಂದ ಮನೆಮಂದಿಯೆಲ್ಲ ವ್ಯಾನು ಮಾಡಿಕೊಂಡು ಸಮುದ್ರ ನೋಡಲು ಹೋಗಿದ್ದೆವು. ಕಡಲಂಚಿನ ರಸ್ತೆಯಲ್ಲಿ ದಿನವಿಡೀ ಸಾಗಿ, ಮರುದಿನ ಘಟ್ಟದ ಬುಡದಲ್ಲಿ ಊಟಕ್ಕೆ ನಿಂತೆವು. ಅಮ್ಮನ ತಮ್ಮ, ಕಲ್ಯಾಣದುರ್ಗದ ಸೀನಮಾಮ, ತಟ್ಟೆ ತೊಳೆಯಲೆಂದು ನನ್ನನ್ನು ಕಾಡೊಳಗಿನ ಹಳ್ಳಕ್ಕೆ ಕರೆದೊಯ್ದ. ಅವನ ಕಡಲೆಕಾಯಿ ಹೊಲಕ್ಕೆ ಗುಡ್ಡದಿಂದ ಕರಡಿ ಇಳಿದರೆ ನಾವು ತಟ್ಟೆ ಬಡಿದು ಓಡಿಸುತ್ತಿದ್ದೆವು. ನಮಗೆ ಗೊತ್ತಿದ್ದ ಕಾಡು ಅಷ್ಟೇ.

ಹಳ್ಳದಾಚೆ ಕಾಡೆಮ್ಮೆಯೊಂದು ಕರುವಿನ ಜೊತೆ ನೀರು ಕುಡಿಯುತ್ತಿತ್ತು.

“ಬಡಿ ಅಮ್ಮಾಯಿ, ಜೋರಾಗಿ ಬಡಿ! ಓಡೋಯ್ತದೆ!” ಅಂದ ಮಾಮ.

ಬಡಿದೆ. ಕರು ಬೆದರಿ ನಮ್ಮತ್ತಲೇ ನುಗ್ಗಿತು, ಅದರ ಹಿಂದೆ ತಾಯಿ. ಮಾಮ ನನ್ನನ್ನು ಬಂಡೆಯ ಹಿಂದಕ್ಕೆ ತಳ್ಳಿದ. ಕೊಂಬು ಅವನ ತೊಡೆಯೊಳಗೆ ಇಳಿದು, ಅವನನ್ನು ಎತ್ತಿ ಕಲ್ಲಿಗೆ ಅಪ್ಪಳಿಸಿತು. ಸೀಳಿದ ಮಾಂಸದ ನಡುವೆ ಮೂಳೆ ಕಂಡಿತು. ಹಳ್ಳದ ನೀರು ಕೆಂಪಾಯಿತು. ಅದು ಮತ್ತೆ ಮತ್ತೆ ತಿವಿಯುತ್ತಿದ್ದರೂ ನಾನು ಬಡಿಯುತ್ತಲೇ ಇದ್ದೆ. ಅಪ್ಪ ಓಡಿಬಂದು ತಟ್ಟೆ ಕಿತ್ತೆಸೆದು ನನ್ನ ಕೆನ್ನೆಗೆ ಬಾರಿಸಿದರು. ಸದ್ದು ನಿಂತ ಮೇಲೆಯೇ ಅದು ಹಿಂದೆ ಸರಿದದ್ದು.

ಇವತ್ತು ಮಾಮ ಕುರ್ಚಿಯಿಂದೆದ್ದು, ಸೊಟ್ಟ ಕಾಲನ್ನು ಎಳೆಯುತ್ತ ಬಂದು, ಅಳುತ್ತಿದ್ದ ಮಗುವಿನ ಕೈಗೆ ಚಮಚ ಕೊಟ್ಟ. ಇಷ್ಟು ವರ್ಷಗಳಲ್ಲಿ ಅವನು ಆ ದಿನದ ಮಾತೆತ್ತಿದ್ದು ಇದೇ ಮೊದಲು.

“ಮಗೂನ ಯಾಕ್ ಹೊಡೀತೀಯ? ಬಡಿ ಅಂದೋನು ನಾನು ಕಣಮ್ಮ.”