ಕರಟ ಕಟ್ಟಿದ ಬೀಗದ ಕೈ

ಎದುರು ಮಹಡಿಯ ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ಕಪ್ಪಾಗಿ ನಡುವೆ ಸೀಳಿತ್ತು. ಯಾವಾಗಲೋ ಶಟರ್ ಎತ್ತುವಾಗ ಅದು ಜಾರಿ ಬೆರಳು ಸಿಕ್ಕಿಕೊಂಡಿತ್ತಂತೆ. ಆಮೇಲೆ ಎಷ್ಟು ಸಲ ಬೆಳೆದರೂ ಆ ಉಗುರು ಸೀಳಿಯೇ ಬೆಳೆಯಿತು. ರಸ್ತೆಯ ಈಚೆಗಿರುವ ನನ್ನ ಅಡುಗೆಮನೆ ಕಿಟಕಿಗೆ ಬೆರಳು ಕಾಣುತ್ತಿರಲಿಲ್ಲ, ಅದು ಮಾಡುವ ಕೆಲಸ ಕಾಣುತ್ತಿತ್ತು. ನಾನು ಪೂಜೆ ಮುಗಿಸಿ ಹಾಲು ಕಾಯಲು ಇಡುವ ಹೊತ್ತಿಗೆ ಅವರು ಮಹಡಿ ಹತ್ತಿ, ಕಚೇರಿಗಳಿಗೆ ಬಾಡಿಗೆ ಕೊಡುವ ಹಾಲ್ ಕೋಣೆಯ ಶಟರ್ ಎತ್ತಿ, ಕಿಟಕಿ ತೆಗೆದು, ನೆಲ ಗುಡಿಸಿ, ಬಾಗಿಲಿಗೆ ನೀರು ಹಾಕಿ ಎರಡೆಳೆ ರಂಗೋಲಿ ಎಳೆಯುತ್ತಿದ್ದರು. ಒಳಗೆ ಆಫೀಸು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ನಮ್ಮ ಅಜ್ಜಂಪುರ ತಾಲ್ಲೂಕು ಆದಾಗ ಈ ರಸ್ತೆಯವರಿಗೆಲ್ಲ ಒಂದೇ ಹುಚ್ಚು ಹಿಡಿಯಿತು. ತರೀಕೆರೆಗೆ ಅಲೆಯಬೇಕಿದ್ದ ಕೆಲಸವೆಲ್ಲ ಇನ್ನು ಇಲ್ಲೇ ಆಗುತ್ತದೆ, ಕಚೇರಿಗಳಿಗೆ ಜಾಗ ಬೇಕೇ ಬೇಕು ಎಂದು ಎಲ್ಲರೂ ಮನೆಯ ಮೇಲೆ ಮಹಡಿ ಎಬ್ಬಿಸಿದರು. ನಾವೂ ಎಬ್ಬಿಸಿದೆವು. ತವರಿನವರು ಮದುವೆಯಲ್ಲಿ ಹಾಕಿದ್ದ ಎರಡೆಳೆ ಸರ ಆ ಮಹಡಿಯ ಮೋಲ್ಡಿಗೆ ಹೋಯಿತು. ಬಂದ ಕಚೇರಿಗಳು ಬೆರಳೆಣಿಕೆಯವು. ಅವುಗಳಲ್ಲೂ ಕೆಲವು ಸ್ವಂತ ಕಟ್ಟಡಕ್ಕೆ ಹೋದವು, ಕೆಲವುಗಳ ಅರ್ಧ ಕೆಲಸ ಮೊಬೈಲಿಗೇ ಬಂದುಬಿಟ್ಟಿತು. ರಸ್ತೆ ಉದ್ದಕ್ಕೂ ‘ಬಾಡಿಗೆಗೆ ಇದೆ’ ಎಂಬ ಬೋರ್ಡುಗಳು ಬಿಸಿಲಿಗೆ ಬಣ್ಣ ಬಿಟ್ಟವು. ನಮ್ಮದೂ ಬಿಟ್ಟಿತು.

ಅಕ್ಕನ ಹಾಲು ಮಾತ್ರ ಎರಡು ತಿಂಗಳು ಸುಮ್ಮನಿದ್ದದ್ದು ನಾನು ಕಾಣೆ. ಒಬ್ಬರು ಬಿಟ್ಟರೆ ಇನ್ನೊಬ್ಬರು. ಸರ್ವೆಯವರು ಹೋದರೆ ವಿಮೆಯವರು, ವಿಮೆಯವರು ಹೋದರೆ ಕಂಪ್ಯೂಟರ್ ಕಲಿಸುವವರು. ಅಕ್ಕ ಬೋರ್ಡು ಕೂಡ ಹಾಕುತ್ತಿರಲಿಲ್ಲ. ಒಂದು ಸಲ ಕೇಳಿದ್ದಕ್ಕೆ, “ಡಬ್ಬದಲ್ಲಿ ಅಕ್ಕಿ ತೀರಿದ್ರೆ ಖಾಲಿ ಅಂತೀವೇನೇ? ಹೆಚ್ಚೈತೆ ಅಂತೀವಿ. ಜಾಗಾನೂ ಬರೋರಿಗೆ ಅಂತ ಇಟ್ಟಿರೋದು ಕಣೇ” ಅಂದರು. ಈ ಮಾತು ಹೇಳುವಾಗ ಅವರ ಮುಖದಲ್ಲಿದ್ದ ಗತ್ತು ನೋಡಿ ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು.

ನಮ್ಮ ಹಾಲಿಗೆ ಏನು ಕಡಿಮೆ ಇತ್ತು? ಗ್ರಾನೈಟ್ ನೆಲ, ಗಾಜಿನ ಬಾಗಿಲು. ಅವರದು ಕೆಂಪು ಗಾರೆ ನೆಲ, ತುಕ್ಕು ಹಿಡಿದ ಶಟರ್. ನಮ್ಮ ಯಜಮಾನರು ಕಡೂರಿನಿಂದ ವಾಸ್ತು ನೋಡುವವರನ್ನು ಕರೆಸಿ ಒಂದೊಂದು ಮೂಲೆಯನ್ನೂ ಕೇಳಿ ಕಟ್ಟಿಸಿದ್ದರು. ಅಕ್ಕ ಗಾರೆ ಮೇಸ್ತ್ರಿಗೆ ಬೆರಳು ತೋರಿಸಿ ಕಟ್ಟಿಸಿದವರು. ನಾನು ಸೋಮವಾರ ಒಪ್ಪತ್ತು ಹಿಡಿದೆ. ಶಿವನ ಹತ್ತಿರ ಜನ ಏನೇನೋ ಕೇಳುತ್ತಾರೆ, ನಾನು ಆಫೀಸು ಕೇಳಿದೆ.

ಅಕ್ಕ ಕೆಟ್ಟವರಲ್ಲ, ಆದರೆ ನಾಲಿಗೆ ಸ್ವಲ್ಪ ಖಾರ. ಗಂಡ ತೀರಿಕೊಂಡ ಮೇಲೆ ಮಗಳ ಜೊತೆ ಅದೇ ಕಟ್ಟಡದ ಕೆಳಗಿನ ಹಿಂಬದಿಯ ಕೋಣೆಗಳಲ್ಲಿದ್ದರು. ಮಗಳು ಸಖರಾಯಪಟ್ಟಣದ ಶಾಲೆಯಲ್ಲಿ ಮೇಡಂ, ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುವವಳು. ಹಗಲೆಲ್ಲ ಅಕ್ಕನಿಗೆ ರಸ್ತೆಯೇ ಮನೆ. ನಮ್ಮಲ್ಲಿಗೆ ಬಂದರೆ ಕಾಫಿ ಒಂದು ಗುಟುಕು ಕುಡಿದು, “ಸಕ್ಕರೆ ಜಾಸ್ತಿ ಆಯ್ತು ಕಣೇ” ಎನ್ನದೆ ಇದ್ದದ್ದಿಲ್ಲ. ಸಕ್ಕರೆ ಕಡಿಮೆ ಹಾಕಿ ಕೊಟ್ಟ ದಿನವೂ ಅದೇ ಮಾತು.

ಒಂದು ದಿನ ಸಹಕಾರ ಸಂಘವೊಂದರ ಮ್ಯಾನೇಜರು ಶಾಖೆ ತೆರೆಯಲು ಜಾಗ ಹುಡುಕಿಕೊಂಡು ಬಂದರು. ಮೊದಲು ಅಕ್ಕನ ಹಾಲಿಗೆ ಹತ್ತಿದರು. ಇಳಿಯುವಾಗ ಅವರ ಮುಖ ನೋಡಿಯೇ ಗೊತ್ತಾಯಿತು, ಮನಸ್ಸಿಗೆ ಹಿಡಿಸಿದೆ. ಆಮೇಲೆ ನಮ್ಮದನ್ನೂ ನೋಡಿ, ಜಗಲಿಯಲ್ಲಿ ಕೂತು ನೀರು ಕೇಳಿದರು. ಯಜಮಾನರು ಮನೆಯಲ್ಲಿರಲಿಲ್ಲ. ನನ್ನ ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ. ನೀರಿನ ಲೋಟ ಕೊಡುತ್ತಾ ನಾನು, ಎದುರುಮನೆಯ ಯಜಮಾನರು ತೀರಿಕೊಂಡದ್ದು ಆ ಮಹಡಿಯಲ್ಲೇ ಸಾರ್, ಹೇಳೋಕೆ ಹೋಗಬಾರದು, ನಿಮಗೆ ಗೊತ್ತಿರಲಿ ಅಂತ ಹೇಳಿದೆ ಎಂದೆ. ಅವರು ಲೋಟ ಕೆಳಗಿಟ್ಟು ಎದುರು ಮಹಡಿಯನ್ನು ಇನ್ನೊಂದು ಸಲ ನೋಡಿದರು.

ಅದು ಸುಳ್ಳು. ಅಕ್ಕನ ಯಜಮಾನರು ಹೋದದ್ದು ಶಿವಮೊಗ್ಗದ ಆಸ್ಪತ್ರೆಯಲ್ಲಿ.

ನಾಲ್ಕೇ ದಿನಕ್ಕೆ ನಮ್ಮ ಹಾಲಿಗೆ ಹನ್ನೊಂದು ತಿಂಗಳ ಕರಾರು ಆಯಿತು. ಶಾಖೆ ತೆರೆಯುವ ಗಣಪತಿ ಪೂಜೆಯ ದಿನ ಅಕ್ಕ ತಟ್ಟೆಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ ಇಟ್ಟುಕೊಂಡು ಎಲ್ಲರಿಗಿಂತ ಮೊದಲು ಬಂದರು. ಗ್ರಾನೈಟಿನ ಮೇಲೆ ಕಾಲು ಸವರಿ ನೋಡಿ, ಜಾರುತ್ತೆ, ಮಳೆಗಾಲಕ್ಕೆ ಚಾಪೆ ಹಾಕಿಸು ಎಂದರು. ನಾನು ಪ್ರಸಾದ ಹಂಚುವ ನೆಪ ಮಾಡಿಕೊಂಡು ಅವರ ಕಡೆ ತಿರುಗಲೇ ಇಲ್ಲ. ಸಂಜೆ ದೀಪ ಹಚ್ಚಿ, ಶಿವಾ, ಕೊಟ್ಟೆಯಲ್ಲ ಎಂದು ಕೈಮುಗಿದೆ. ಕೊಟ್ಟದ್ದು ಶಿವನೋ ನನ್ನ ನಾಲಿಗೆಯೋ ಎಂದು ಅವತ್ತು ಕೇಳಿಕೊಳ್ಳಲಿಲ್ಲ.

ಶಾಖೆಯಲ್ಲಿ ಮೂವರು ಹೆಣ್ಣುಮಕ್ಕಳು ಕೆಲಸಕ್ಕಿದ್ದರು. ಅವರಲ್ಲೊಬ್ಬಳು ಬುಕ್ಕಾಂಬುಧಿಯಿಂದ ಬಸ್ಸಿಗೆ ಬರುತ್ತಿದ್ದಳು. ಎರಡನೇ ವಾರ ಅವಳೇ ಇಳಿದು ಬಂದು, ಆಂಟಿ, ಟಾಯ್ಲೆಟ್ಟು ಮೇಲೆ ಇಲ್ವಾ ಎಂದು ಕೇಳಿದಳು. ವಾಸ್ತುವಿನವರು ಮಹಡಿಯಲ್ಲಿ ಯಾವ ಮೂಲೆಗೂ ಅದು ಬೇಡ ಅಂದದ್ದರಿಂದ ನಮ್ಮದು ಕೆಳಗೆ, ಹಿತ್ತಲಿನ ಕೊನೆಯಲ್ಲಿತ್ತು. ತಗಡಿನ ಬಾಗಿಲು, ಪಕ್ಕದಲ್ಲೇ ಗಂಡಸರು ಓಡಾಡುವ ಓಣಿ. ಹಿತ್ತಲಲ್ಲಿ ಇದೆಯಲ್ಲಮ್ಮ ಎಂದು ನಾನು ಕೈ ತೋರಿಸಿ ಒಳಗೆ ಬಂದೆ. ನಾವು ಇಷ್ಟು ವರ್ಷ ಅದರಲ್ಲೇ ಬದುಕಿಲ್ಲವೇ ಎಂದು ನನಗೆ ಅನ್ನಿಸಿತ್ತು.

ಮಾರನೆಯ ದಿನದಿಂದ ಕಿಟಕಿಯಲ್ಲಿ ಹೊಸ ನೋಟ. ಹುಡುಗಿಯರು ಒಬ್ಬೊಬ್ಬರೇ ನಮ್ಮ ಮೆಟ್ಟಿಲು ಇಳಿದು, ರಸ್ತೆ ದಾಟಿ, ಅಕ್ಕನ ಮೆಟ್ಟಿಲು ಹತ್ತುತ್ತಿದ್ದರು. ಕೈಯಲ್ಲಿ ಅಕ್ಕ ಕೊಟ್ಟ ಒಂದು ಬೀಗದ ಕೈ, ಕಳೆಯದಿರಲಿ ಎಂದು ಅದಕ್ಕೆ ದಾರದಲ್ಲಿ ಕಟ್ಟಿದ ತೆಂಗಿನ ಕರಟದ ಚೂರು. ಅಕ್ಕನ ಮಹಡಿಯಲ್ಲಿ ಮೆಟ್ಟಿಲ ತಿರುವಿನಲ್ಲೇ ಬಿಳಿ ಟೈಲ್ಸಿನ ಪುಟ್ಟ ಟಾಯ್ಲೆಟ್ಟು ಇತ್ತು. ಒಳಗೆ ಚಿಲಕ, ಕನ್ನಡಿ, ಬಕೆಟ್ಟು, ಒಂದು ಮೊಳೆಗೆ ನೇತುಹಾಕಿದ ಟವೆಲು. ಬೆಳಿಗ್ಗೆ ಎಷ್ಟು ಸಲ ದಾಟಿದರು, ಮಧ್ಯಾಹ್ನ ಎಷ್ಟು ಸಲ ದಾಟಿದರು ಎಂದು ಜಪ ಎಣಿಸಿದಂತೆ ಎಣಿಸಿದೆ. ಬರುವಾಗ ಅವರು ಮಜ್ಜಿಗೆ ಕುಡಿದು ತುಟಿ ಒರೆಸಿಕೊಂಡು ನಗುತ್ತಾ ಬರುತ್ತಿದ್ದರು. ಆಫೀಸು ನನ್ನದು, ನಗು ಅಕ್ಕನಿಗೆ.

ಹೀಗೆ ತಿಂಗಳುಗಳು ಹೋದವು. ಕರಾರು ಮುಗಿಯಲು ಎರಡು ತಿಂಗಳಿರುವಾಗ ಮ್ಯಾನೇಜರು ನಮ್ಮ ಯಜಮಾನರ ಹತ್ತಿರ, ಹೆಣ್ಣುಮಕ್ಕಳು ಬೇರೆ ಜಾಗ ನೋಡಿ ಅಂತಿದ್ದಾರೆ ಎಂದರು. ಸರ ಹೋಗಿ ಮಹಡಿ ಬಂದಿತ್ತು, ಈಗ ಮಹಡಿಯೂ ಮತ್ತೆ ಗುಬ್ಬಿಗಳ ಪಾಲು. ಇದೆಲ್ಲ ಅಕ್ಕನದೇ ಹೂಟ ಎಂದು ಸೆರಗು ಬಿಗಿದು ರಸ್ತೆ ದಾಟಿದೆ.

ಅವರು ಮೆಟ್ಟಿಲ ಕೆಳಗೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

“ನಮ್ಮ ಆಫೀಸಿನ ಹುಡುಗೀರನ್ನ ಯಾಕಕ್ಕ ಕರ್ಕೊಂಡು ಕರ್ಕೊಂಡು ಕೂರಿಸ್ತೀರಿ?” ಎಂದೆ.

ಅಕ್ಕ ತಲೆ ಎತ್ತಲಿಲ್ಲ. “ನಾನೆಲ್ಲಿ ಕರೆದೆ ಕಣೇ? ಉಚ್ಚೆ ಕರೀತು, ಬಂದ್ರು.”

ನನಗೆ ನಗುವೂ ಬಂತು, ಸಿಟ್ಟೂ ಬಂತು. ಬಾಯಿಗೆ ಬಂದದ್ದು ಅಂದೆ. ಬಾಡಿಗೆದಾರರನ್ನು ಎಳೆದುಕೊಳ್ಳುವ ವಿದ್ಯೆ ಚೆನ್ನಾಗಿ ಕಲಿತಿದ್ದೀರಿ ಎಂದೂ ಅಂದೆ. ಅವರು ಒಂದು ಕಾಯಿ ಬಿಡಿಸಿ ಸಿಪ್ಪೆ ಪಕ್ಕಕ್ಕಿಟ್ಟರು.

“ನಮ್ಮ ಯಜಮಾನ್ರು ಮಹಡೀಲಿ ಸತ್ತಿದ್ದಲ್ಲ ಕಣೇ, ಶಿವಮೊಗ್ಗದಲ್ಲಿ. ಅವತ್ತು ಆಸ್ಪತ್ರೆ ಬಾಗಿಲಲ್ಲಿ ನನ್ನ ಕೈಗೆ ಕಾಫಿ ಕೊಟ್ಟೋಳು ನೀನೇ.”

ನಿಜ. ನಾನೇ ಫ್ಲಾಸ್ಕಿನಲ್ಲಿ ತೆಗೆದುಕೊಂಡು ಹೋಗಿದ್ದೆ. ಲೋಟವನ್ನು ಅವರ ತುಟಿಗೆ ನಾನೇ ಹಿಡಿದಿದ್ದೆ. ಸುಳ್ಳು ಹೇಳುವಾಗ ಅದು ನೆನಪಿಗೆ ಬಂದಿರಲಿಲ್ಲ. ಮ್ಯಾನೇಜರು ಹುಡುಗಿಯರಿಗೆ ಹೇಳಿ, ಹುಡುಗಿಯರು ಅಕ್ಕನಿಗೆ ಹೇಳಿ ಎಷ್ಟೋ ತಿಂಗಳಾಗಿತ್ತು. ಇಷ್ಟು ದಿನ ಗೊತ್ತಿದ್ದೂ ಅವರು ಸುಮ್ಮನಿದ್ದರು. ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ.

“ಅಳಬ್ಯಾಡ ಈಗ. ನಮ್ಮ ಮೇಸ್ತ್ರೀನ ಕಳಿಸ್ತೀನಿ, ಮೇಲೆ ಒಂದು ಕಟ್ಟಿಸು. ಬುಕ್ಕಾಂಬುಧಿ ಹುಡುಗಿಗೆ ಐದು ತಿಂಗಳು. ನಿಮ್ಮ ಮೆಟ್ಲು ಇಳಿದು ನಮ್ಮ ಮೆಟ್ಲು ಹತ್ತೋದು ಅಂದ್ರೆ ಏನೇ?” ಎಂದರು. ನನ್ನ ಮೇಲಿನ ಪ್ರೀತಿಗೆ ಹೇಳುತ್ತಿದ್ದಾರೆ ಎಂದುಕೊಳ್ಳುವಷ್ಟರಲ್ಲಿ ಅದನ್ನೂ ಕಿತ್ತುಕೊಂಡರು. “ನಿಮ್ಮದು ಮುಚ್ಚಿದ್ರೆ ನಮಗೇನು ಲಾಭ? ಒಂದು ಆಫೀಸು ಇದ್ದ ಕಡೆ ಇನ್ನೊಂದು ಬರುತ್ತೆ. ಬೀದೀನೇ ಮುಚ್ಚಿದ್ರೆ ನಾನು ಶಟರ್ ಎತ್ತಿ ಯಾರಿಗೆ ತೋರಿಸಲಿ?”

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಮೂಲೆ, ದಿಕ್ಕು ಎಂದರು. ನಾನು ಮದುವೆಯಾದ ಮೇಲೆ ಅವರಿಗೆ ಎದುರಾಡಿದ್ದು ಬಹಳ ಕಡಿಮೆ. ಶಿವ ಯಾವ ಮೂಲೆಯಲ್ಲಿ ಇಲ್ಲ ತೋರಿಸಿ, ಅಲ್ಲಿ ಕಟ್ಟಿಸೋದು ಬೇಡ ಎಂದೆ. ಅವರು ಪೇಪರು ಮಡಿಸಿಟ್ಟು ಎದ್ದು ಹೋದರು. ಮಾರನೆಯ ದಿನ ಮೇಸ್ತ್ರಿ ಬಂದ. ಮರಳು ಸುರಿದದ್ದನ್ನು ನೋಡಿ ಮ್ಯಾನೇಜರು ಕರಾರನ್ನು ಮತ್ತೆ ಬರೆಸಿಕೊಂಡರು. ಬಿಳಿ ಟೈಲ್ಸು, ಚಿಲಕ, ಅಕ್ಕನದಕ್ಕಿಂತ ಒಂದು ಗೇಣು ದೊಡ್ಡ ಕನ್ನಡಿ. ಕನ್ನಡಿಯನ್ನು ಅಳತೆ ನೋಡಿ ನಾನೇ ತಂದೆ.

ಇಷ್ಟಾದರೂ ಹುಡುಗಿಯರು ರಸ್ತೆ ದಾಟುವುದು ನಿಲ್ಲಲಿಲ್ಲ. ಈಗ ಯಾಕಮ್ಮ ಹೋಗ್ತೀರಿ ಎಂದು ಕೇಳಿದ್ದಕ್ಕೆ ಬುಕ್ಕಾಂಬುಧಿಯವಳು, “ಅಕ್ಕ ಮಾತಾಡಿಸ್ತಾರೆ ಆಂಟಿ” ಎಂದಳು. ವಯಸ್ಸಿನಲ್ಲಿ ನಾನು ಅವರಿಗಿಂತ ಎಷ್ಟೋ ಚಿಕ್ಕವಳು. ಅವರು ಅಕ್ಕ, ನಾನು ಆಂಟಿ.

ಕ್ಷಮಿಸಿ ಎಂದು ನಾನು ಕೇಳಲೇ ಇಲ್ಲ. ದಿನಾ ಬೆಳಿಗ್ಗೆ ನಾಳೆ ಕೇಳೋಣ ಎಂದುಕೊಂಡು ಕಿಟಕಿಯಲ್ಲಿ ನಿಲ್ಲುತ್ತಿದ್ದೆ. ಹೋದ ಚಳಿಗಾಲದಲ್ಲಿ ಅಕ್ಕನ ಬಾಡಿಗೆದಾರರು ಬಿಟ್ಟು ಹೋಗಿದ್ದರು, ಮಹಡಿ ಸುಮ್ಮನಿತ್ತು. ಒಂದು ಬೆಳಿಗ್ಗೆ ಹಾಲು ಕಾಯಲು ಇಟ್ಟು ನೋಡಿದರೆ ಎದುರಿನ ಶಟರ್ ಅರ್ಧಕ್ಕೆ ನಿಂತಿದೆ. ಬೀದಿಯಲ್ಲಿ ಅಷ್ಟು ಜನ ಓಡಾಡುತ್ತಿದ್ದರು, ಯಾರಿಗೂ ಅದು ಕಾಣಲಿಲ್ಲ. ಆ ಶಟರನ್ನು ದಿನಾ ಹೊಟ್ಟೆ ಉರಿದುಕೊಂಡು ನೋಡುತ್ತಿದ್ದವಳು ನಾನೊಬ್ಬಳೇ.

ಓಡಿದೆ. ಅಕ್ಕ ಮೇಲಿನ ಮೆಟ್ಟಿಲಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮುಖ ಬೆವೆತಿತ್ತು. ಮಗಳು ಬಸ್ಸಿಗೆ ಹೋಗಿಯಾಗಿತ್ತು. ಯಜಮಾನರಿಗೆ ಕೂಗಿ ಆಂಬುಲೆನ್ಸಿಗೆ ಫೋನು ಮಾಡಿಸಿದೆ. ಬಾಯಿ ಒಣಗ್ತಿದೆ, ಒಂಚೂರು ಕಾಫಿ ಕೊಡು ಎಂದರು. ತಂದೆ. ಲೋಟ ನಾನೇ ಹಿಡಿದೆ. ಅಕ್ಕ, ನಾನು ಅವತ್ತು ಎಂದು ಶುರು ಮಾಡಿದೆ. ಅವರು ಒಂದು ಗುಟುಕು ನುಂಗಿದರು.

“ಸಕ್ಕರೆ ಜಾಸ್ತಿ ಆಯ್ತು ಕಣೇ.”

ಆಂಬುಲೆನ್ಸು ಬರುವುದರೊಳಗೆ ಅವರು ಲಿಂಗೈಕ್ಯರಾದರು, ನನ್ನ ಭುಜದ ಮೇಲೆ. ಕರಟ ಕಟ್ಟಿದ ಬೀಗದ ಕೈ ಅವರ ಮಡಿಲಲ್ಲಿತ್ತು. ಮಣ್ಣಿಗೆ ಹೋಗುವಾಗ ಎಲ್ಲರಿಗಿಂತ ಜೋರಾಗಿ ಅತ್ತವರು ನಮ್ಮ ಆಫೀಸಿನ ಹುಡುಗಿಯರು. ಬುಕ್ಕಾಂಬುಧಿಯವಳು ಕೂಸನ್ನು ಎತ್ತಿಕೊಂಡೇ ಬಂದಿದ್ದಳು. ನಾನು ಹೋದರೆ ಇವರು ಹೀಗೆ ಅಳುತ್ತಾರೆಯೇ ಎಂದು ಆ ಹೊತ್ತಿನಲ್ಲೂ ನನಗೆ ಅನ್ನಿಸಿತು. ದೇವರ ಮುಂದೆ ಕೂರುವವಳು ಸುಳ್ಳು ಬರೆಯಬಾರದು.

ಮಗಳು ಬೆಳಗಿನ ಬಸ್ಸಿಗೆ ಹೋಗಬೇಕಾದ್ದರಿಂದ ಶಟರಿನ ಬೀಗದ ಕೈಯನ್ನೂ ಆ ಕರಟದ್ದನ್ನೂ ನನ್ನ ಹತ್ತಿರವೇ ಬಿಟ್ಟಳು. ಪೂಜೆ ಮುಗಿಸಿ ರಸ್ತೆ ದಾಟಿ ಶಟರ್ ಎತ್ತುತ್ತೇನೆ, ಕಿಟಕಿ ತೆಗೆಯುತ್ತೇನೆ, ಎರಡೆಳೆ ಎಳೆಯುತ್ತೇನೆ. ಆ ಶಟರ್ ಎಷ್ಟು ಭಾರ ಎಂದು ಈಗ ಗೊತ್ತಾಗಿದೆ.

ಚಿಕ್ಕ ವಯಸ್ಸಿನ ಇಬ್ಬರು ಹೆಣ್ಣುಮಕ್ಕಳು, ಲೆಕ್ಕಪತ್ರದ ಆಫೀಸು ತೆರೆಯುವವರು, ಕಳೆದ ತಿಂಗಳು ಹಾಲು ನೋಡಲು ಬಂದರು. ನೋಡಿ ಇಳಿಯುತ್ತಾ ಒಬ್ಬಳು ಮೆಲ್ಲಗೆ, ಇಲ್ಲಿ ಯಾರೋ ತೀರ್ಕೊಂಡಿದ್ದಾರಂತೆ ಹೌದಾ ಆಂಟಿ ಎಂದು ಕೇಳಿದಳು. ನಮ್ಮ ಮಹಡಿಯಲ್ಲಿ ಸಂಘದ ಪಕ್ಕದ ಇನ್ನೊಂದು ಕೋಣೆಯೂ ಬರುವವರಿಗಾಗಿ ಕಾಯುತ್ತಾ ಇದೆ. ಒಂದು ಮಾತು ಸಾಕಿತ್ತು.

“ಹೌದಮ್ಮ, ನೀನು ನಿಂತಿರೋ ಮೆಟ್ಟಿಲಲ್ಲೇ. ನಾನೇ ಜೊತೆಗಿದ್ದೆ” ಎಂದೆ. “ಅವರು ಕಟ್ಟಿಸಿದ ಟಾಯ್ಲೆಟ್ಟು ಇಲ್ಲೈತೆ. ನೋಡು ಬಾ.”

ಬೀಗ ತೆಗೆದು ತೋರಿಸಿದೆ. ಇಬ್ಬರೂ ಒಳಗೆ ಇಣುಕಿ, ಕನ್ನಡಿ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಸೋಮವಾರ ಅವರ ಆಫೀಸಿನ ಪೂಜೆ. ಅಕ್ಕನ ಹಾಲು ಈ ಸಲವೂ ಮೊದಲು ತುಂಬಿತು.